ಹಳೆಯ ಗಣಕಯಂತ್ರದ ಜೀರ್ಣೋದ್ಧಾರ

ಬಟ್ಟೆಯ ಮುಸುಕು ಹೊದ್ದು ಮನೆಯ ಮೂಲೆಯಲ್ಲಿ ಕುಳಿತಿರುವ ಹಳೆಯ ಗಣಕಯಂತ್ರವು ಈ ಸಂಚಿಕೆಯನ್ನು ಓದುವ ಸಹೋದರಿಯರಲ್ಲಿ ಅನೇಕರ ಮನೆಗಳಲ್ಲಿ ಇರಬಹುದು. ಅದನ್ನು ಗುಜರಿಯವನಿಗೆ ಕೊಡಲು ಮನಸ್ಸು ಬಾರದು. ಇಟ್ಟುಕೊಂಡರೆ ಮಕ್ಕಳು ಅದರ ಬಳಿಗೆ ಸುಳಿಯರು. ಅಂಥ ಯಂತ್ರವೊಂದಕ್ಕೆ ಬೇರೊಂದು ಗ್ರಾಫಿಕ್ಸ್ ಕಾರ್ಡನ್ನು ಹಾಕಿಸಿ ಪುನಃ ಕೆಲಸಕ್ಕೆ ತಂದ ಸಂಗತಿಯನ್ನು ಇಲ್ಲಿ ಬರೆಯುತ್ತೇವೆ. ನಾವೆಂದರೆ ಇದೇ ಶಾಲೆಯಲ್ಲಿ ಕಲಿತ ಅಕ್ಕತಂಗಿಯರಿಬ್ಬರು; ಈಗ ಬೆಂಗಳೂರಿನಲ್ಲಿ ಒಂದೇ ಮನೆಯಲ್ಲಿ ವಾಸವಾಗಿರುವೆವು.

ನಮ್ಮಲ್ಲಿ ಹಿರಿಯಳ ಮಗಳು ವಾಸ್ತುಶಿಲ್ಪ ವಿದ್ಯೆಯ ನಾಲ್ಕನೆಯ ವರ್ಷದಲ್ಲಿ ಓದುತ್ತಿರುವಳು. ಈ ಕಾಲದಲ್ಲಿ ಆ ವಿದ್ಯೆಯನ್ನು ಕಲಿಯುವವರು ಕಾಗದದ ಮೇಲೆ ನಕ್ಷೆ ಬರೆದರಷ್ಟೇ ಸಾಲದು. ಕಟ್ಟಡವು ಬೆಳಕು ನೆರಳುಗಳೊಡನೆ ಹೇಗೆ ಕಾಣುವುದೆಂಬುದನ್ನು ಬ್ಲೆಂಡರ್ ಮೊದಲಾದ ತಂತ್ರಾಂಶಗಳಿಂದ ಚಿತ್ರಿಸಿ ತೋರಿಸಬೇಕು. ಬ್ಲೆಂಡರ್ 2002ರಿಂದ ಮುಕ್ತ ತಂತ್ರಾಂಶವಾಗಿ ಬೆಲೆಯಿಲ್ಲದೆ ದೊರಕುತ್ತಿದೆ. ಅದನ್ನು ನಡೆಯಿಸುವ ಯಂತ್ರವು ಮಾತ್ರ ಹಾಗೆ ದೊರಕುವುದಿಲ್ಲ. ನಮ್ಮ ಮನೆಯಲ್ಲಿದ್ದುದು ಕಚೇರಿಯೊಂದು ಮಾರಿದ ಯಂತ್ರ. ಅದರ ಐ5-3470 ಎಂಬ ಪ್ರೊಸೆಸರು 2012ರಲ್ಲಿ ಹೊರಬಂದುದು. ಒಂದು ಚಿತ್ರವು ಮುಗಿಯಲು ಎರಡು ಗಂಟೆಗಳಿಗೂ ಹೆಚ್ಚು ಬೇಕಾಗುತ್ತಿದ್ದಿತು. ಆದಕಾರಣ ಹುಡುಗಿಯು ಪ್ರತಿ ಸಂಜೆ ಗೆಳತಿಯೊಬ್ಬಳ ಮನೆಗೆ ಹೋಗಿ, ಅವಳ ಕೆಲಸ ಮುಗಿದ ಮೇಲೆ ತನ್ನದನ್ನು ಮಾಡಿಕೊಂಡು, ರಾತ್ರಿ ಹತ್ತಕ್ಕೆ ಬಸ್ಸಿಳಿಯುವಳು. ನಮ್ಮಲ್ಲಿ ಯಾರಾದರೊಬ್ಬರು ನಿಲ್ದಾಣದಲ್ಲಿ ಕಾದಿರುವುದು ವಾಡಿಕೆಯಾಯಿತು. ಹೊಸ ಯಂತ್ರದ ಬೆಲೆ ವಿಚಾರಿಸಿದರೆ ಅದು ಅವಳ ಅರ್ಧ ವರ್ಷದ ಶುಲ್ಕವನ್ನು ಮೀರಿತು. “ಅಮ್ಮಾ, ಒಂದು ವರ್ಷ ಓದು ನಿಲ್ಲಿಸಿ ಕೆಲಸಕ್ಕೆ ಸೇರುತ್ತೇನೆ, ಆಮೇಲೆ ನೋಡೋಣ” ಎಂದು ಒಂದು ದಿನ ಆಕೆ ಹೇಳಿದಳು. ಹಾಗೆ ಓದನ್ನು ನಿಲ್ಲಿಸಿದ ಹುಡುಗಿಯರಲ್ಲಿ ಎಷ್ಟು ಮಂದಿ ಮರಳಿ ಬಂದಿರುವರೆಂಬುದನ್ನು ನಾವು ಕಂಡವರೇ. ಆ ರಾತ್ರಿಯಿಂದ ಈ ವಿಷಯವನ್ನು ಕುರಿತು ಓದತೊಡಗಿದೆವು.

ಪ್ರೊಸೆಸರೆಂಬುದು ನಾಲ್ವರು ಪಂಡಿತರಿರುವ ಮನೆಯಂತೆ. ಎಂಥ ಕಠಿನವಾದ ಲೆಕ್ಕವನ್ನಾದರೂ ಮಾಡಬಲ್ಲರು, ಆದರೆ ಇರುವವರು ನಾಲ್ವರೇ. ಗ್ರಾಫಿಕ್ಸ್ ಕಾರ್ಡು ದೊಡ್ಡ ಶಾಲೆಯಂತೆ. ನಾವು ಕೊನೆಗೆ ಕೊಂಡ ಜಿಟಿಎಕ್ಸ್ 1650 ಎಂಬುದರಲ್ಲಿ 896 ಸಣ್ಣ ಗಣಕಗಳಿರುವುವು. ಒಬ್ಬೊಬ್ಬ ಹುಡುಗಿಗೆ ಒಂದೊಂದು ಚಿಕ್ಕ ಲೆಕ್ಕವನ್ನು ಹಂಚಿದರೆ ಇಡೀ ಹಲಗೆಯು ಕ್ಷಣದಲ್ಲಿ ತುಂಬುವಂತೆ, ಚಿತ್ರದ ಲಕ್ಷಾಂತರ ಚುಕ್ಕೆಗಳನ್ನು ಅವು ಒಟ್ಟಾಗಿ ಎಣಿಸುವುವು.

ಆದರೆ ಅಂಗಡಿಗೆ ಹೋಗಿ ಅತ್ಯುತ್ತಮವಾದ ಕಾರ್ಡನ್ನು ಕೊಡಿರೆಂದು ಕೇಳುವುದು ತರವಲ್ಲ. ಹಳೆಯ ಯಂತ್ರವು ಏನನ್ನು ಹೊರಬಲ್ಲುದೆಂಬುದೇ ಇಲ್ಲಿ ಮೊದಲನೆಯ ಪ್ರಶ್ನೆ. ಕಾರ್ಡನ್ನು ಸಿಕ್ಕಿಸುವ ಉದ್ದನೆಯ ಸ್ಲಾಟು ತಾನಾಗಿ ಕೊಡಬಲ್ಲ ವಿದ್ಯುತ್ತು ಹೆಚ್ಚೆಂದರೆ 75 ವಾಟು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ವಿದ್ಯುತ್ ಪೆಟ್ಟಿಗೆಯಿಂದ ಪ್ರತ್ಯೇಕ ತಂತಿ ಬರಬೇಕು. ಕಚೇರಿಯ ಯಂತ್ರಗಳಲ್ಲಿ ಅನೇಕಕ್ಕೆ ಅಂಥ ತಂತಿಯೇ ಇರುವುದಿಲ್ಲ. ನಮ್ಮ ಪೆಟ್ಟಿಗೆಯ ಮೇಲೆ 300 ವಾಟು ಎಂದು ಬರೆದಿದ್ದಿತು, ತಂತಿ ಇರಲಿಲ್ಲ. 2019ರಲ್ಲಿ ಬಂದ ಜಿಟಿಎಕ್ಸ್ 1650 ಸರಿಯಾಗಿ 75 ವಾಟಿನದು; ಆದರೂ ಅದೇ ಹೆಸರಿನ ಕೆಲವು ಕಾರ್ಡುಗಳು ಬೇರೆ ತಂತಿಯನ್ನು ಬೇಡುವುದರಿಂದ ಕಣ್ಣಾರೆ ನೋಡಿಯೇ ಕೊಳ್ಳಬೇಕು. 2016ರ 1050 ಟಿಐ ಇನ್ನೂ ಅಗ್ಗವಾಗಿ ಸಿಕ್ಕುತ್ತಿದ್ದಿತು. ಆದರೆ ಆ ಪೀಳಿಗೆಯ ಕಾರ್ಡುಗಳಿಗೆ ಹೊಸ ಡ್ರೈವರುಗಳನ್ನು ಒದಗಿಸುವುದನ್ನು ತಯಾರಕರು 2025ರ ಅಕ್ಟೋಬರಿನಲ್ಲಿ ನಿಲ್ಲಿಸಿ, ರಕ್ಷಣೆಗೆ ಬೇಕಾದ ತಿದ್ದುಪಡಿಗಳನ್ನು ಮಾತ್ರ ಉಳಿಸಿರುವುದರಿಂದ ಅದನ್ನು ಬಿಟ್ಟೆವು.

ಹಳೆಯ ಯಂತ್ರಗಳಲ್ಲಿ ಕೆಲವು ಹೊಸ ಕಾರ್ಡನ್ನು ಗುರುತಿಸದೆ ಕಪ್ಪು ಪರದೆಯನ್ನು ತೋರಿಸಿ ಸುಮ್ಮನಾಗುವುದುಂಟು. ಇದಕ್ಕೆ ಓದಿನಲ್ಲಿ ಉತ್ತರವಿಲ್ಲ, ಪರೀಕ್ಷೆಯೇ ಉತ್ತರ. ಹೀಗಾಗಿ ಒಂದು ಶನಿವಾರ ಯಂತ್ರವನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಸಾದರ ಪತ್ರಪ್ಪ ರಸ್ತೆಗೆ ಹೋದೆವು. ಎಸ್. ಪಿ. ರೋಡೆಂದರೆ ಎಲ್ಲರಿಗೂ ತಿಳಿಯುವುದು. ಮೊದಲನೆಯ ಅಂಗಡಿಯವನು ನಮ್ಮ ಕಂಬಳಿಯನ್ನು ನೋಡಿ ನಕ್ಕು, “ಇದನ್ನು ಎಸೆಯಿರಿ ಅಮ್ಮಾ” ಎಂದು ಹೇಳಿ, ಎರಡು ಬೀಸಣಿಗೆಗಳ ಭಾರಿ ಕಾರ್ಡನ್ನೂ ಅದಕ್ಕೆ ತಕ್ಕ ವಿದ್ಯುತ್ ಪೆಟ್ಟಿಗೆಯನ್ನೂ ಮುಂದಿಟ್ಟನು. ಹೆಂಗಸರು ಯಂತ್ರ ಕೊಳ್ಳಲು ಬಂದರೆ ಕೆಲವರಿಗೆ ವಿವೇಕಕ್ಕಿಂತ ಉತ್ಸಾಹವೇ ಹೆಚ್ಚಾಗುವುದೆಂದು ತೋರುತ್ತದೆ. ಎರಡನೆಯ ಅಂಗಡಿಯ ವೃದ್ಧರು ಮಾತ್ರ ಯಂತ್ರದ ಮುಚ್ಚಳ ತೆಗೆದು, ಒಳಗಿನ ಧೂಳನ್ನು ಊದಿ, ಯಾರೋ ಬಳಸಿದ್ದ 1650 ಒಂದನ್ನು ಸಿಕ್ಕಿಸಿದರು. ಪರದೆಯು ಬೆಳಗಿತು.

ಬೆಳಗಿದ ಮಾತ್ರಕ್ಕೆ ಹಣ ಕೊಡಕೂಡದು. ಹಳೆಯ ಕಾಲದ ದುರ್ಬಲ ಕಾರ್ಡಿಗೆ ಹೊಸ ಹೆಸರನ್ನು ತುಂಬಿ ಮಾರುವ ವಂಚನೆಯುಂಟು. ಯಂತ್ರವೂ ಆ ಸುಳ್ಳು ಹೆಸರನ್ನೇ ಹೇಳುವುದು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವು ಅಂಥ ನಕಲಿಗಳಲ್ಲಿ ಅನೇಕವನ್ನು ಗುರುತಿಸಬಲ್ಲುದು. ಮಗಳು ಅದನ್ನು ಪೆನ್‌ಡ್ರೈವಿನಲ್ಲಿ ತಂದಿದ್ದಳು. ವೃದ್ಧರಿಗೆ ಬೇಸರವಾಗಬಹುದೆಂದು ನಾವು ಸಂಕೋಚಪಟ್ಟೆವು. ಅವರಾದರೋ, “ನೋಡಮ್ಮಾ, ನೋಡಿಯೇ ತೆಗೆದುಕೋ” ಎಂದು ಕುರ್ಚಿಯನ್ನು ಬಿಟ್ಟುಕೊಟ್ಟರು. ಏಳು ಸಾವಿರ ರೂಪಾಯಿಗಳಿಗೆ ವ್ಯಾಪಾರ ಮುಗಿಯಿತು. ಈ ಕಾರ್ಡಿನಲ್ಲಿ ಹಳೆಯ ವಿಜಿಎ ತಂತಿಗೆ ಸ್ಥಳವಿಲ್ಲವಾದುದರಿಂದ, ನಮ್ಮ ಹಳೆಯ ಪರದೆಗಾಗಿ ಎಚ್‌ಡಿಎಂಐಯಿಂದ ವಿಜಿಎಗೆ ಮಾರ್ಪಡಿಸುವ ಸಣ್ಣ ಸಾಧನವೊಂದನ್ನೂ ಕೊಂಡೆವು.

ಮನೆಯಲ್ಲಿ ತಾವೇ ಹಾಕಿಕೊಳ್ಳುವವರಿಗೆ ಒಂದೆರಡು ಮಾತು. ಪ್ಲಗ್ಗನ್ನು ಪೂರ್ಣವಾಗಿ ಕಿತ್ತು, ಯಂತ್ರದ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು, ಬಳಿಕ ಬರಿಯ ಲೋಹದ ಚೌಕಟ್ಟನ್ನು ಕೈಯಿಂದ ಮುಟ್ಟಿ ಮುಂದುವರಿಯತಕ್ಕದ್ದು. ಕೊಂಡಿಯು ಟಕ್ಕೆಂದು ಕೂರುವವರೆಗೆ ಕಾರ್ಡನ್ನು ಸಮನಾಗಿ ಒತ್ತಿ, ತಿರುಪನ್ನು ಬಿಗಿಯಬೇಕು. ಪರದೆಯ ತಂತಿಯನ್ನು ಹಳೆಯ ಜಾಗದಲ್ಲಿ ಬಿಡದೆ ಕಾರ್ಡಿಗೇ ಜೋಡಿಸಬೇಕು. ಇಲ್ಲವಾದರೆ ಕೊಂಡ ಕಾರ್ಡು ಕೊಂಡಂತೆಯೇ ಕುಳಿತಿರುವುದು.

ಎರಡು ಗಂಟೆ ಮೀರುತ್ತಿದ್ದ ಅದೇ ಚಿತ್ರವು ಈಗ ಕಾಲು ಗಂಟೆಯ ಆಚೀಚೆ ಮುಗಿಯುತ್ತದೆ. ಎಲ್ಲವೂ ಹಾಗೆ ವೇಗವಾಯಿತೆಂದು ಹೇಳಲಾರೆವು. ಕಡತಗಳು ತೆರೆಯುವುದು ಮೊದಲಿನಂತೆಯೇ ನಿಧಾನ. ಅದು ಕಾರ್ಡಿನ ಕೆಲಸವಲ್ಲ. ಬರಿಯ ಪತ್ರ ಬರೆಯಲು, ಲೆಕ್ಕವಿಡಲು ಯಂತ್ರ ಬಳಸುವವರು ಕಾರ್ಡಿಗೆ ಹಣ ಹಾಕದೆ, ತಿರುಗುವ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿಯನ್ನು ಹಾಕಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ. ಕಾರ್ಡಿನ ಸ್ಮರಣೆಯು 4 ಜಿಬಿ ಮಾತ್ರವಾದುದರಿಂದ, ಮಗಳು ಕಟ್ಟಡದ ಸುತ್ತ ಮರಗಳ ತೋಪನ್ನೇ ಬೆಳೆಸಿದಾಗ ಅದು ಒಪ್ಪದೆ ಕೆಲಸ ನಿಲ್ಲಿಸಿತು. ಆಕೆ ಅರ್ಧ ಮರಗಳನ್ನು ಕಡಿದಳು.

ಶುಲ್ಕವನ್ನು ಗಡುವಿಗೆ ನಾಲ್ಕು ದಿನಗಳ ಮುಂಚೆ ಕಟ್ಟಿದೆವು. ಈಗ ಸಂಜೆಯ ಹೊತ್ತು ಗೆಳತಿಯೇ ಒಮ್ಮೊಮ್ಮೆ ನಮ್ಮ ಮನೆಗೆ ಬರುವುದುಂಟು. ಇಬ್ಬರಿಗೂ ಊಟ ಇಲ್ಲಿಯೇ.