ಪುಸ್ತಕ ಮನೆಯಿಂದ ತಂದ ಲೆಕ್ಕ

ಶಾಲೆಗೆ ಬೇಸಿಗೆ ರಜೆ ಸಿಕ್ಕಿತೆಂದರೆ ನಾನೊಂದು ಪಟ್ಟಿ ಬರೆಯುವುದು ರೂಢಿ. ರಜೆಯಲ್ಲಿ ಓದಲೇಬೇಕಾದ ಪುಸ್ತಕಗಳ ಪಟ್ಟಿ. ಕಳೆದ ವರ್ಷ ಅದರಲ್ಲಿ ಹನ್ನೆರಡು ಹೆಸರುಗಳಿದ್ದವು. ಶಾಲೆ ಪುನಃ ತೆರೆಯುವಾಗ ಓದಿ ಮುಗಿದದ್ದು ಒಂದೇ ಒಂದು.

ಈ ಸಲದ ರಜೆಯಲ್ಲಿ ಮನೆಯವರೆಲ್ಲ ಶ್ರೀರಂಗಪಟ್ಟಣಕ್ಕೆ ಹೋದೆವು. ಎರಡು ಎತ್ತರದ ಮಿನಾರಗಳ ಮಸ್ಜಿದೆ ಆಲಾ ನೋಡಿದೆವು. ಗುಂಬಜ್‌ನಲ್ಲಿ ಟಿಪ್ಪು ಸುಲ್ತಾನ್ ಮತ್ತು ಅವರ ತಂದೆ ತಾಯಿಯ ಕಬರ್‌ಗಳ ಬಳಿ ನಿಂತು ದುಆ ಮಾಡಿದೆವು. ಹೊರಗೆ ಮರದ ನೆರಳಿನಲ್ಲಿ ಕುಳಿತಾಗ ಟಿಪ್ಪುವಿನ ಗ್ರಂಥಾಲಯದ ವಿಷಯವನ್ನು ಮಗಳಿಗೆ ಹೇಳಿದೆ. ಅದರಲ್ಲಿ ಅರಬಿ, ಫಾರ್ಸಿ ಮುಂತಾದ ಭಾಷೆಗಳ ಸುಮಾರು 2,000 ಹಸ್ತಪ್ರತಿ ಸಂಪುಟಗಳಿದ್ದವು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅವು ಕಲ್ಕತ್ತ, ಲಂಡನ್‌ಗಳ ಪಾಲಾದವು. 1809ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಎಂಬವರು ಅವುಗಳ ಪಟ್ಟಿಯನ್ನು ಪ್ರಕಟಿಸಿದರು.

"ಪುಸ್ತಕಗಳೆಲ್ಲ ಹೋಯಿತಾ?" ಎಂದು ಅವಳು ಬೇಸರಪಟ್ಟಳು. ಇಲ್ಲೇ ಹತ್ತಿರದ ಪಾಂಡವಪುರದಲ್ಲಿ ಇನ್ನೊಂದು ಪುಸ್ತಕ ಭಂಡಾರವಿದೆ, ಅದನ್ನೂ ನೋಡಿಯೇ ಹೋಗೋಣ ಎಂದರು ಇವರು.

ಅದು ಹರಳಹಳ್ಳಿಯ 'ಪುಸ್ತಕ ಮನೆ'. ಕಟ್ಟಿದವರು ಅಂಕೇಗೌಡರು. ಬಸ್ ಕಂಡಕ್ಟರಾಗಿದ್ದ ದಿನಗಳಲ್ಲೇ ಪುಸ್ತಕ ಕೂಡಿಸಲು ತೊಡಗಿದವರು. ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಸಂಬಳದ ದೊಡ್ಡ ಪಾಲನ್ನೂ ಪುಸ್ತಕಕ್ಕೇ ಸುರಿದರು. ಮೈಸೂರಿನಲ್ಲಿದ್ದ ನಿವೇಶನವನ್ನೂ ಇದಕ್ಕಾಗಿ ಮಾರಿದರು. ಅಲ್ಲೀಗ ಸುಮಾರು 20 ಲಕ್ಷ ಪುಸ್ತಕಗಳಿವೆ ಎನ್ನುತ್ತಾರೆ. ಕಪಾಟುಗಳು ತುಂಬಿ ನೆಲದ ಮೇಲೂ ರಾಶಿ ರಾಶಿ.

"ಉಮ್ಮಾ, ದಿನಕ್ಕೊಂದು ಓದಿದರೆ ಎಷ್ಟು ವರ್ಷ ಬೇಕು?" ಮಗಳು ಕೇಳಿದಳು. ಲೆಕ್ಕ ಹಾಕಿದೆವು. ಐದು ಸಾವಿರ ವರ್ಷಕ್ಕಿಂತಲೂ ಹೆಚ್ಚು! ಅವಳು ನಕ್ಕು, "ಹಾಗಾದರೆ ನೀವು ಈ ಸಲ ಎಷ್ಟು ಓದುತ್ತೀರಿ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಮಕ್ಕಳಿಗೆ ಓದಿ ಓದಿ ಎನ್ನುವ ನಾನು ಕೆಲವು ವರ್ಷಗಳಿಂದ ಓದುತ್ತಿದ್ದುದು ಮರುದಿನದ ಪಾಠವನ್ನು ಮಾತ್ರ. ಮದ್ರಸದಲ್ಲಿ ಮೊತ್ತಮೊದಲು ಕಲಿತ 'ಇಕ್ರಅ್' ಎಂಬ ಆಜ್ಞೆ ನನಗೂ ಇದೆಯಲ್ಲವೇ?

ಹಿಂತಿರುಗುವ ದಾರಿಯಲ್ಲಿ ಹಳೆಯ ಪಟ್ಟಿಯ ಆಸೆ ಬಿಟ್ಟೆ. ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದು ನೆನಪಾಯಿತು. ಸೂರಃ ಯೂಸುಫ್‌ನಲ್ಲಿ 111 ಸೂಕ್ತಗಳಿವೆ. ಸುಬಹಿಯ ಬಳಿಕ ದಿನಕ್ಕೆ ಮೂರು ಸೂಕ್ತಗಳನ್ನು ಅರ್ಥ, ವಿವರಣೆ ಸಹಿತ ಓದಿದರೆ 37 ದಿನ. ರಜೆ ಮುಗಿಯುವ ಮುನ್ನ ಮುಗಿಯುತ್ತದೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ಹತ್ತು ಪುಟ. ಬಿ.ಎ. ಓದುವಾಗ ಅವಸರದಲ್ಲಿ ಓದಿದ್ದೆ, ಈಗ ತಾಯಿಯಾಗಿ ಓದಬೇಕು. ಮಗಳು ತನ್ನ ಪುಸ್ತಕವನ್ನು ತಾನೇ ಆರಿಸಲಿ, ನಾನು ಮಧ್ಯೆ ಬಾಯಿ ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಇದನ್ನು ಬರೆಯುವಾಗ ಹದಿನಾಲ್ಕು ದಿನಗಳಾಗಿವೆ. ನೆಂಟರ ಮದುವೆಯಲ್ಲಿ ಎರಡು ದಿನ, ಜ್ವರದಲ್ಲಿ ಒಂದು ದಿನ ತಪ್ಪಿತು. ಮೊದಲಾದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಈಗ ನಿಂತಲ್ಲಿಂದಲೇ ಮುಂದುವರಿಸಿದ್ದೇನೆ. ಯೂಸುಫ್(ಅ) ಇನ್ನೂ ಸೆರೆಮನೆಗೆ ಹೋಗುವುದರಲ್ಲಿದ್ದಾರೆ.

ಸಹೋದರಿಯರೇ, ಅಡುಗೆ, ಮಕ್ಕಳು, ನೆಂಟರ ನಡುವೆ ನಮಗೆಲ್ಲಿ ಪುರುಸೊತ್ತು ಎಂದು ನಾವೆಲ್ಲರೂ ಹೇಳುತ್ತೇವೆ. ಅದು ಸುಳ್ಳಲ್ಲ. ಆದರೆ ಮೂರು ಸೂಕ್ತಗಳಿಗೆ, ಹತ್ತು ಪುಟಗಳಿಗೆ ಜಾಗ ಸಿಗಬಹುದು. ಈ ಬೇಸಿಗೆಯಲ್ಲಿ ನೀವೂ ನಿಮ್ಮದೇ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ನನ್ನದು ಇನ್‌ಶಾ ಅಲ್ಲಾಹ್ ಶಾಲೆ ತೆರೆಯುವ ಮೊದಲು ಮುಗಿದೀತು.