ಗಿಡದ ಗುಟ್ಟು

ಬಳ್ಳಿಗಾವಿಗೆ ಹೋದವರು ಕೇದಾರೇಶ್ವರನ ದರ್ಶನ ಪಡೆದು, ಗಂಡಭೇರುಂಡದ ಕಂಬವನ್ನು ಕತ್ತೆತ್ತಿ ನೋಡಿ, ಅಲ್ಲಮನ ಊರಿದು ಎಂದು ಕೈಮುಗಿದು ಹಿಂದಿರುಗುತ್ತಾರೆ. ಕೋಡಿಯಮಠವನ್ನು ಬಣ್ಣಿಸುವ 1162ರ ಶಾಸನವನ್ನು ನೆನೆಯುವವರು ವಿರಳ. ಆ ಮಠವು ಶಾಸ್ತ್ರಪಾಠದ ಶಾಲೆಯಷ್ಟೇ ಅಲ್ಲ, ಅನಾಥ ರೋಗಿಗಳ ಚಿಕಿತ್ಸೆಯ ತಾಣವೂ ಸಕಲ ಜೀವಿಗಳ ಅಭಯಸ್ಥಾನವೂ ಆಗಿತ್ತೆಂದು ಆ ಕಲ್ಲು ಸಾರುತ್ತದೆ.

ಆ ಸೀಮೆಯ ವೃದ್ಧ ನಾಟಿವೈದ್ಯರೊಬ್ಬರಿಗೆ ಈ ಮಾತೆಂದರೆ ಬಲು ಅಭಿಮಾನ. ಮನೆಗೆ ಬಂದವರಿಗೆಲ್ಲ ಹೇಳುವರು. ಹೇಳದೆ ಉಳಿಸಿಕೊಂಡದ್ದು ಒಂದೇ: ಸೊರಬದ ಕಡೆಯ ಕಾನೊಂದರಲ್ಲಿ ಸರ್ಪಗಂಧ ಬೆಳೆದಿರುವ ಜಾಗ.

ನೋಟಕ್ಕೆ ಅದು ಮೊಣಕಾಲೆತ್ತರದ ಬಡಗಿಡ. ಗೆಣ್ಣಿಗೆ ಮೂರು ಮೂರು ಎಲೆ. ಕೆಂಪು ತೊಟ್ಟಿನ ಮೇಲೆ ಬಿಳಿಯ ಹೂಗೊಂಚಲು. ಮಾಗಿದಾಗ ಕಪ್ಪೇರುವ ಪುಟ್ಟ ಹಣ್ಣು. ಆದರೆ ಅದರ ಕಹಿಬೇರಿನ ಮಹಿಮೆ ದೊಡ್ಡದು. ಆ ಬೇರು ರಕ್ತದ ಒತ್ತಡವನ್ನು ಇಳಿಸಬಲ್ಲುದೆಂದು ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು 1949ರಲ್ಲಿ ಲೋಕಕ್ಕೆ ತಿಳಿಸಿದರು. 1952ರಲ್ಲಿ ಸ್ವಿಸ್ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಅಂದಿನಿಂದ ಗಿಡಕ್ಕೆ ಕೀರ್ತಿಯೂ ಬಂತು, ಕಂಟಕವೂ ಬಂತು. ಎಲೆ ಕಿತ್ತರೆ ಗಿಡ ಚಿಗುರೀತು. ಬೇರು ಕಿತ್ತರೆ ಉಳಿಯುವುದೇನು? ಬಿತ್ತಿದ ಬೀಜದಲ್ಲಿಯೂ ಹೆಚ್ಚಿನವು ಮೊಳೆಯವು. 1990ರಿಂದ ಅಂತರರಾಷ್ಟ್ರೀಯ ಒಪ್ಪಂದವೊಂದು ಅದರ ವ್ಯಾಪಾರಕ್ಕೆ ಕಡಿವಾಣ ಹಾಕಿದೆ.

ಗಿಡಕ್ಕೆ ಆಸರೆಯಾದ ಕಾನುಗಳೂ ಕರಗುತ್ತಿವೆ. ಸೊರಬ ತಾಲ್ಲೂಕಿನಲ್ಲಿ 171 ಕಾನುಗಳಿದ್ದುವೆಂದು 1868ರ ವರದಿ ಹೇಳುತ್ತದೆ. ದೇವರ ಹೆಸರಿನಲ್ಲಿ, ಮೆಣಸಿನ ಬಳ್ಳಿಯ ನೆಪದಲ್ಲಿ ಊರವರೇ ಕಾದ ಹಸುರು ಅದು. ಈಗ ಎಷ್ಟೋ ಕಡೆ ಶುಂಠಿಯ ಹೊಲ, ಅಕೇಶಿಯಾ ತೋಪು.

ವೈದ್ಯರ ಮೌನಕ್ಕೂ ಕಾರಣವುಂಟು. ಹಿಂದೊಮ್ಮೆ, ತಾಯಿಗೆ ಕಾಯಿಲೆ ಎಂದು ಅತ್ತವನೊಬ್ಬನಿಗೆ ಕನಿಕರದಿಂದ ಗಿಡದ ನೆಲೆ ತೋರಿಸಿದ್ದರು. ವಾರ ಕಳೆದು ಹೋಗಿ ನೋಡಿದರೆ ಅಲ್ಲಿ ಬರಿಯ ಗುಂಡಿಗಳು! ಅಂದಿನಿಂದ ಮಗನಿಗೂ ಹೇಳಲಿಲ್ಲ.

ಕಳೆದ ಮಳೆಗಾಲದ ಕೊನೆಗೆ, ಕಾಲೇಜಿನಲ್ಲಿ ಓದುವ ಮೊಮ್ಮಗ ಕೇಳಿಯೇಬಿಟ್ಟ: “ಅಜ್ಜಾ, ನೀವು ಹೇಳದಿದ್ದರೆ ಕಳ್ಳನಿಗೆ ಜಾಗ ತಿಳಿಯದು, ನಿಜ. ಆದರೆ ಕಾನು ಕಡಿಯುವ ದಿನ, ಇಲ್ಲಿ ಗಿಡವಿದೆ, ನಿಲ್ಲಿಸಿ ಎನ್ನುವವರು ಯಾರು?”

ವೃದ್ಧರು ಆ ರಾತ್ರಿ ನಿದ್ರಿಸಲಿಲ್ಲ. ಬೆಳಗಾಗುತ್ತಲೇ ಕೋಲು ಹಿಡಿದು ಮೊಮ್ಮಗನೊಡನೆ ಹೊರಟರು. ಕಾನಿನ ನೆರಳಿನಲ್ಲಿ ಉಳಿದಿದ್ದುದು ಮೂರೇ ಗಿಡ. ಹಕ್ಕಿಗಳ ಪಾಲನ್ನು ಬಿಟ್ಟು, ಒಂದು ಹಿಡಿ ಹಣ್ಣು ತಂದು ಹಿತ್ತಿಲಲ್ಲಿ ಬಿತ್ತಿದರು.

ಎರಡು ಮೊಳೆತಿವೆ. ಬರುವ ಮಳೆಗೆ ಅವನ್ನು ಕಾನಿಗೇ ಒಯ್ದು ನೆಡಬೇಕೆಂಬುದು ಮೊಮ್ಮಗನ ಹಟ. ಅಲ್ಲಿಯವರೆಗೆ ತಾವು ಇರಬೇಕೆಂಬುದು ಅಜ್ಜನ ಆಸೆ.