ಒಂದು ದಿನಾಂಕದ ಆಚೆ ಈಚೆ

ನಮ್ಮ ಅನೇಕ ಕುಟುಂಬಗಳಲ್ಲಿ ಸರ್ಕಾರಿ ಸೇವೆ ಒಂದು ಪರಂಪರೆಯಂತೆ ಇಳಿದು ಬಂದಿದೆ. ತಂದೆ ಶಿಕ್ಷಕರು, ಮಗಳು ಶುಶ್ರೂಷಕಿ. ತಾಯಿ ಅಂಚೆ ಕಚೇರಿಯಲ್ಲಿದ್ದವರು, ಮಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಇಂಥ ಮನೆ ನಿಮ್ಮದೂ ಆಗಿದ್ದರೆ, ಒಂದೇ ಸೂರಿನಡಿಯಲ್ಲಿ ಎರಡು ಬಗೆಯ ವೃದ್ಧಾಪ್ಯಗಳು ಸಿದ್ಧವಾಗುತ್ತಿರುವುದನ್ನು ನೀವು ಗಮನಿಸಿರಬಹುದು.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ 31 ವರ್ಷ ಕನ್ನಡ ಕಲಿಸಿ 2014ರಲ್ಲಿ ನಿವೃತ್ತನಾದೆ. ನನ್ನ ಮಗಳು 2009ರಲ್ಲಿ ಅದೇ ಇಲಾಖೆಯಲ್ಲಿ ಶಿಕ್ಷಕಿಯಾಗಿ ಸೇರಿದಳು. ನಮ್ಮಿಬ್ಬರ ನಡುವೆ ನಿಂತಿರುವುದು 2006ರ ಏಪ್ರಿಲ್ 1 ಎಂಬ ದಿನಾಂಕ. ಕರ್ನಾಟಕ ಸರ್ಕಾರದ ಸೇವೆಗೆ ಅಂದು ಅಥವಾ ಅನಂತರ ಸೇರಿದವರಿಗೆ ಹಳೆಯ ಪಿಂಚಣಿಯಿಲ್ಲ. ಅವರು ಹೊಸ ಪಿಂಚಣಿ ಯೋಜನೆಗೆ, ಎಂದರೆ ಎಲ್ಲರೂ ಎನ್.ಪಿ.ಎಸ್. ಎಂದು ಕರೆಯುವ ವ್ಯವಸ್ಥೆಗೆ ಸೇರಿದವರು. ಕೇಂದ್ರ ಸರ್ಕಾರದ ನೌಕರರಿಗೆ (ಸಶಸ್ತ್ರ ಪಡೆಗಳನ್ನು ಬಿಟ್ಟು) ಈ ಗಡಿ 2004ರ ಜನವರಿ 1.

ವ್ಯತ್ಯಾಸವೇನೆಂದು ಸರಳವಾಗಿ ಹೇಳುತ್ತೇನೆ. ಪಿಂಚಣಿಗೆಂದು ನನ್ನ ಸಂಬಳದಿಂದ ಒಂದು ರೂಪಾಯಿಯೂ ಕಡಿತವಾಗಲಿಲ್ಲ. ಭವಿಷ್ಯ ನಿಧಿಗೆ ಕಟ್ಟಿದ್ದು ನನ್ನದೇ ಉಳಿತಾಯ. ಅದು ಬಡ್ಡಿಸಹಿತ ನನಗೇ ಮರಳಿತು. ಕೊನೆಯ ಮೂಲವೇತನದ ಸುಮಾರು ಅರ್ಧದಷ್ಟು ನನಗೆ ಪಿಂಚಣಿಯಾಗಿ ನಿಗದಿಯಾಯಿತು. ಬೆಲೆ ಏರಿದಂತೆ ತುಟ್ಟಿಭತ್ಯೆ ಏರುತ್ತದೆ. 2018ರಲ್ಲಿ ಆರನೆಯ ವೇತನ ಆಯೋಗದ ನಂತರ, ಮತ್ತೆ 2024ರ ಆಗಸ್ಟ್‌ನಲ್ಲಿ ಏಳನೆಯದರ ನಂತರ, ಮನೆಯಲ್ಲಿ ಕುಳಿತಿದ್ದ ನನ್ನ ಪಿಂಚಣಿಯೂ ಪರಿಷ್ಕೃತವಾಯಿತು. ನನ್ನ ಕಾಲಾನಂತರ ಪತ್ನಿಗೆ ಕುಟುಂಬ ಪಿಂಚಣಿಯಿದೆ.

ಮಗಳ ಮೂಲವೇತನ ಮತ್ತು ತುಟ್ಟಿಭತ್ಯೆಯಿಂದ ಪ್ರತಿ ತಿಂಗಳು ಶೇಕಡಾ 10 ಕಡಿತವಾಗುತ್ತದೆ. ಸರ್ಕಾರ ತನ್ನ ಪಾಲನ್ನು ಸೇರಿಸುತ್ತದೆ. ಆ ಮೊತ್ತ ಷೇರು ಮತ್ತು ಸಾಲಪತ್ರಗಳ ಮಾರುಕಟ್ಟೆಗೆ ಹೋಗುತ್ತದೆ. ನಿವೃತ್ತಿಯ ದಿನ ಕೂಡಿದ ಹಣದಲ್ಲಿ ಶೇಕಡಾ 60ರವರೆಗೆ ಕೈಗೆ ಬರುತ್ತದೆ. ಉಳಿದುದರಿಂದ ವಿಮಾ ಕಂಪನಿಯೊಂದರ ಮಾಸಿಕ ವರ್ಷಾಶನವನ್ನು ಕೊಳ್ಳಬೇಕು. ಆ ವರ್ಷಾಶನ ತುಟ್ಟಿಭತ್ಯೆಯಂತೆ ಬೆಲೆಯ ಜೊತೆ ಏರುವುದಿಲ್ಲ. ಎಷ್ಟು ದೊರೆಯುತ್ತದೆಂಬುದೂ ಆ ದಿನದವರೆಗೆ ತಿಳಿಯದು. "ಅಪ್ಪಾ, ನಿಮಗೆ ಸರ್ಕಾರ ಮಾತು ಕೊಟ್ಟಿತ್ತು, ನನಗೆ ಖಾತೆ ಸಂಖ್ಯೆ ಕೊಟ್ಟಿದೆ" ಎಂದು ಅವಳು ಒಮ್ಮೆ ಹೇಳಿದಳು. ಅದರಲ್ಲಿ ಕಹಿಯಿರಲಿಲ್ಲ. ಕಹಿಯಿದ್ದಿದ್ದರೆ ನನಗೆ ಉತ್ತರಿಸುವುದು ಸುಲಭವಾಗುತ್ತಿತ್ತೇನೋ.

ದಿನಾಂಕವೊಂದನ್ನು ಹಿಡಿದು ನೌಕರರನ್ನು ವಿಭಜಿಸುವುದು ನ್ಯಾಯವೇ ಎಂಬ ಪ್ರಶ್ನೆ ಹೊಸದಲ್ಲ. ಕೇಂದ್ರ ಸರ್ಕಾರ 1979ರಲ್ಲಿ ಪಿಂಚಣಿಯ ಸೂತ್ರವನ್ನು ಉದಾರಗೊಳಿಸಿ, ಆ ವರ್ಷದ ಮಾರ್ಚ್ 31ರಂದು ಅಥವಾ ಅನಂತರ ನಿವೃತ್ತರಾದವರಿಗೆ ಮಾತ್ರ ಅದನ್ನು ಅನ್ವಯಿಸಿತು. ಅದಕ್ಕೂ ಮೊದಲೇ ನಿವೃತ್ತರಾಗಿದ್ದ ಡಿ.ಎಸ್. ನಕರ ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 1982ರ ಡಿಸೆಂಬರ್ 17ರಂದು ನ್ಯಾಯಾಲಯವು ಆ ಗಡಿ ಸ್ವೇಚ್ಛೆಯಿಂದ ಎಳೆದದ್ದೆಂದು ತೀರ್ಪಿತ್ತು, ಪಿಂಚಣಿ ಒಡೆಯನ ಕೃಪೆಯಲ್ಲ, ಸೇವೆಯಿಂದ ಗಳಿಸಿದ ಹಕ್ಕು ಎಂದಿತು. ನಿವೃತ್ತರು ಇಂದಿಗೂ ಡಿಸೆಂಬರ್ 17ನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ. ಹೊಸ ಷರತ್ತಿನ ಮೇಲೆ ಹೊಸದಾಗಿ ಸೇರಿದವರ ವಿಚಾರ ಬೇರೆ ಎಂದು ಕಾನೂನು ಬಲ್ಲವರು ಹೇಳುತ್ತಾರೆ, ಅದು ಸರಿಯೇ. ಆದರೆ ಆ ದಿನ ಹಾರ ಹಾಕಿಸಿಕೊಳ್ಳುವ ನಾವು, ಗಡಿಯ ಆಚೆ ನಿಂತವರನ್ನು ನೆನೆಯುವುದು ಅಪರೂಪ.

ಹಾಗೆಂದು ಸುಧಾರಣೆಯೇ ಅನಗತ್ಯವಾಗಿತ್ತೆಂದು ನಾನು ವಾದಿಸಲಾರೆ. ಹಳೆಯ ಪಿಂಚಣಿಯ ಹಿಂದೆ ಯಾವ ನಿಧಿಯೂ ಇಲ್ಲ. ನನಗೆ ಈ ತಿಂಗಳು ಬರುವ ಹಣ ಈ ವರ್ಷದ ತೆರಿಗೆಯಿಂದಲೇ ಬರುವಂಥದ್ದು. ಆಯುಷ್ಯ ಬೆಳೆದಂತೆ ಪಿಂಚಣಿಯ ವರ್ಷಗಳೂ ಬೆಳೆಯುತ್ತವೆ. ತೊಡಕಿರುವುದು ಆ ಭಾರವನ್ನು ಹಂಚಿದ ರೀತಿಯಲ್ಲಿ. ನಿವೃತ್ತರಾದವರನ್ನು ಮುಟ್ಟಲಿಲ್ಲ, ಸೇವೆಯಲ್ಲಿದ್ದವರನ್ನೂ ಮುಟ್ಟಲಿಲ್ಲ. ಅವರಿಗೆ ಸಂಘಗಳಿದ್ದವು, ಮತಗಳಿದ್ದವು. ಇನ್ನೂ ನೇಮಕವೇ ಆಗದವರಿಗೆ ಸಂಘವೆಲ್ಲಿಂದ ಬರಬೇಕು? ನನ್ನ ಮಗಳು ಆಗ ತರಬೇತಿ ಕಾಲೇಜಿನಲ್ಲಿ ಓದುತ್ತಿದ್ದಳು.

ಬ್ರಿಟನ್ನಿನಲ್ಲಿಯೂ 2015ರಲ್ಲಿ ಸಾರ್ವಜನಿಕ ಸೇವೆಯ ಪಿಂಚಣಿಗಳನ್ನು ಬದಲಿಸಿದಾಗ, ನಿವೃತ್ತಿಗೆ ಹತ್ತಿರವಿದ್ದ ಹಿರಿಯರನ್ನು ಹಳೆಯ ಯೋಜನೆಯಲ್ಲೇ ಉಳಿಸಿ ಕಿರಿಯರನ್ನು ಹೊಸದಕ್ಕೆ ಕಳುಹಿಸಲಾಯಿತು. ಕಿರಿಯ ನ್ಯಾಯಾಧೀಶರೂ ಅಗ್ನಿಶಾಮಕ ಸಿಬ್ಬಂದಿಯೂ ಮೊರೆಯಿಟ್ಟರು. ಇದು ವಯಸ್ಸಿನ ಆಧಾರದ ಕಾನೂನುಬಾಹಿರ ತಾರತಮ್ಯವೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2018ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿತು.

ನಮ್ಮಲ್ಲಿ ಪರಿಹಾರ ಬೇರೆ ದಾರಿ ಹಿಡಿದಿದೆ. ರಾಜಸ್ಥಾನ, ಛತ್ತೀಸ್‌ಗಢ, ಜಾರ್ಖಂಡ್, ಪಂಜಾಬ್‌ಗಳು 2022ರಲ್ಲಿ, ಹಿಮಾಚಲ ಪ್ರದೇಶ 2023ರಲ್ಲಿ ಹಳೆಯ ಪಿಂಚಣಿಗೆ ಮರಳುವ ನಿರ್ಧಾರ ಕೈಗೊಂಡವು. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ನಮ್ಮ ರಾಜ್ಯದ ನೌಕರರೂ ಸೇರಿದರು. 2006ಕ್ಕೆ ಮುಂಚೆ ಅಧಿಸೂಚನೆಯಾಗಿ ಅನಂತರ ನೇಮಕವಾದ ಸುಮಾರು 13,000 ಮಂದಿಯನ್ನು ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಹಳೆಯ ಪಿಂಚಣಿಗೆ ಸೇರಿಸಿತು. ಮಗಳ ಹೆಸರು ಅದರಲ್ಲಿ ಬರುವಂತಿರಲಿಲ್ಲ.

ಅವಳಿಗೂ ಹಳೆಯ ಪಿಂಚಣಿ ದೊರೆಯಲಿ ಎಂದು ತಂದೆಯ ಮನಸ್ಸು ಬಯಸುತ್ತದೆ. ಆದರೂ ಲೆಕ್ಕ ನೋಡಿ. ಹಳೆಯದಕ್ಕೆ ಮರಳಿದೊಡನೆ ಸರ್ಕಾರ ತನ್ನ ಮಾಸಿಕ ವಂತಿಗೆಯನ್ನು ನಿಲ್ಲಿಸಬಹುದು. ಇಂದಿನ ಬೊಕ್ಕಸಕ್ಕೆ ಅದು ಲಾಭ. 2006ರಲ್ಲಿ 28ರ ವಯಸ್ಸಿಗೆ ಸೇರಿದವರು ನಿವೃತ್ತರಾಗುವುದು 2038ರಲ್ಲಿ. ಬಿಲ್ಲು ಬರುವುದು ಆಗ. ಎಲ್ಲ ರಾಜ್ಯಗಳೂ ಹೀಗೆ ಮರಳಿದರೆ ಒಟ್ಟು ಭಾರ ಹೊಸ ಯೋಜನೆಯ ನಾಲ್ಕೂವರೆ ಪಟ್ಟಿನವರೆಗೆ ಹೋಗಬಹುದೆಂದು ರಿಸರ್ವ್ ಬ್ಯಾಂಕಿನ ಮಾಸಿಕದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನ ಎಚ್ಚರಿಸಿತು. ಮೊದಲ ಬಾರಿ ಭಾರ ಬಿದ್ದದ್ದು ನೇಮಕವಾಗದವರ ಮೇಲೆ. ಈ ಬಾರಿ ಬೀಳುವುದು ಈಗ ಅಂಗನವಾಡಿಯಲ್ಲಿರುವವರ ಮೇಲೆ. ಎರಡು ಸಲವೂ ಸಭೆಯಲ್ಲಿ ಇಲ್ಲದವರನ್ನೇ ಹುಡುಕಿ ಹೊರಿಸಿದಂತಾಯಿತು.

ಆ ಮಕ್ಕಳಲ್ಲಿ ಬಹುತೇಕರ ಮನೆಗೆ ಯಾವ ಪಿಂಚಣಿಯೂ ಬರುವುದಿಲ್ಲ. ನಮ್ಮ ಮನೆಯ ಗಾರೆ ಕೆಲಸ ಮಾಡಿದವರ ವೃದ್ಧಾಪ್ಯಕ್ಕೆ ಇರುವುದು ಸಂಧ್ಯಾ ಸುರಕ್ಷಾ. ಅದನ್ನು 2021ರಲ್ಲಿ ತಿಂಗಳಿಗೆ 1,000 ರೂಪಾಯಿಯಿಂದ 1,200ಕ್ಕೆ ಏರಿಸಲಾಯಿತು. ಬೆಂಕಿಪೊಟ್ಟಣ ಕೊಂಡರೂ ಅವರು ತೆರಿಗೆ ಕಟ್ಟುತ್ತಾರೆ.

ಕೇಂದ್ರ ನೌಕರರಿಗಾಗಿ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಏಕೀಕೃತ ಪಿಂಚಣಿ ಯೋಜನೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ನೌಕರ ಶೇಕಡಾ 10, ಸರ್ಕಾರ ಶೇಕಡಾ 18.5 ಕಟ್ಟಬೇಕು, 25 ವರ್ಷ ದುಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಖಾತರಿ, 10 ವರ್ಷ ದುಡಿದವರಿಗೆ ಕನಿಷ್ಠ 10,000 ರೂಪಾಯಿ. ಮಾತೂ ಇದೆ, ನಿಧಿಯೂ ಇದೆ. ಆದರೆ ಇದರಲ್ಲಿಯೂ ನನ್ನಂಥ ಹಳಬರ ಪಾಲು ಸೊನ್ನೆಯೇ.

ನಮ್ಮ ನಿವೃತ್ತರ ಸಂಘದ ಸಭೆಯಲ್ಲಿ ಕಳೆದ ವರ್ಷ ಒಂದು ಸಲಹೆ ಮುಂದಿಟ್ಟೆ. ತುಟ್ಟಿಭತ್ಯೆ ಯಾರಿಗೂ ಕಡಿಮೆಯಾಗಬಾರದು, ಸಣ್ಣ ಪಿಂಚಣಿಯವರನ್ನು ಮುಟ್ಟಲೇಬಾರದು. ಆದರೆ ಮುಂದಿನ ವೇತನ ಆಯೋಗ ಬಂದಾಗ ದೊಡ್ಡ ಪಿಂಚಣಿಯವರಿಗೆ ದೊರೆಯುವ ಹೆಚ್ಚಳದಲ್ಲಿ ಒಂದು ಅಂಶ 2006ರ ನಂತರದವರ ಖಾತರಿಗೆ ಹೋಗಲಿ, ಅದನ್ನು ನಾವೇ ಬರೆದು ಕೊಡೋಣ ಎಂದೆ. ಅಧ್ಯಕ್ಷರು ಸೌಜನ್ಯದಿಂದ ಕೇಳಿಸಿಕೊಂಡರು. ಹಿರಿಯರೊಬ್ಬರು, "ಮಾಸ್ತರರೇ, ಅದು ಸರ್ಕಾರ ನೋಡಿಕೊಳ್ಳಬೇಕಾದ ವಿಷಯ" ಎಂದರು. ಅವರ ಇಬ್ಬರು ಮಕ್ಕಳೂ ಎನ್.ಪಿ.ಎಸ್. ನೌಕರರು. ನಡಾವಳಿ ಪುಸ್ತಕದಲ್ಲಿ ನನ್ನ ಸಲಹೆ ದಾಖಲಾಗಿದೆ; ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಅದನ್ನು ಸೇರಿಸಬೇಕೆಂದು ಪತ್ರ ಕೊಟ್ಟಿದ್ದೇನೆ.